ಗೃಹಸ್ಥರ ಪುಟ: ಮನೆಯ ಮುಂದಣ ಗುಂಡಿ

ಮಂಡ್ಯದಿಂದ ಸೋದರಿಯೊಬ್ಬರು ಈ ಪುಟಕ್ಕೆ ಒಂದು ಕಾಗದವನ್ನು ಬರೆದಿದ್ದಾರೆ. ಒಂದು ಬೆಳಿಗ್ಗೆ ನಾಲ್ಕಾರು ಮಂದಿ ಆಳುಗಳೂ ಒಬ್ಬ ತರುಣ ಇಂಜಿನಿಯರೂ ಬಂದು ಅವರ ಮನೆಯ ಗೇಟಿನ ಮುಂದೆ ಎದೆಯುದ್ದದ ಗುಂಡಿಯೊಂದನ್ನು ತೋಡಿದರಂತೆ, ಒಳಕ್ಕಿಳಿದು ಏನನ್ನೋ ಅಳೆದರಂತೆ, ಫೋಟೋ ಹಿಡಿದರಂತೆ, ಎರಡು ಚೀಲಗಳಲ್ಲಿ ಮಣ್ಣನ್ನು ತುಂಬಿ ಚೀಟಿ ಕಟ್ಟಿದರಂತೆ, ಸಂಜೆಯೊಳಗೆ ಗುಂಡಿಯನ್ನು ಮುಚ್ಚಿ ಹೊರಟುಹೋದರಂತೆ. ಹೊಸ ಕೊಳವೆ ಬರಲಿಲ್ಲ, ಹಳೆಯದು ಹೋಗಲಿಲ್ಲ. “ನೀರು ಕೊಡಿರೆಂದು ಕೇಳಿದರೆ ಗುಂಡಿ ತೋಡಿ ಮುಚ್ಚುವರು. ಇದಕ್ಕೆ ಸುರಿಯುವುದೂ ನಮ್ಮ ಕಂದಾಯದ ಹಣವೇ ಅಲ್ಲವೆ? ಪಕ್ಕದ ಬೀದಿಯವರು ಬುದ್ಧಿವಂತರು, ಅಗೆಯಗೊಡದೆ ಅವರನ್ನು ಹಿಂದಕ್ಕೆ ಕಳುಹಿಸಿಬಿಟ್ಟರು” ಎಂದು ಕಾಗದವು ಮುಗಿಯುತ್ತದೆ.

ಈ ಸೋದರಿಯ ಕೋಪವನ್ನು ತಪ್ಪೆನ್ನಲಾರೆನು. ಬೇಸಗೆಯಲ್ಲಿ ನಲ್ಲಿಯ ಮುಂದೆ ಕೊಡವಿಟ್ಟು ಕಾದವರಿಗೆ ಗುಂಡಿಯನ್ನು ತೋರಿಸಿದರೆ ಸಂತೋಷವಾಗುವುದು ಹೇಗೆ? ಆದರೆ ಪಕ್ಕದ ಬೀದಿಯವರ ಬುದ್ಧಿವಂತಿಕೆಯ ವಿಷಯದಲ್ಲಿ ನನಗೆ ಸಂದೇಹವುಂಟು. ಹಳೆಯ ನೀರಿನ ಕೊಳವೆಗಳನ್ನು ಬದಲಿಸುವ ಕೆಲಸದಲ್ಲಿ ಅಗೆಯಲ್ಪಡುವ ಗುಂಡಿಗಳೆಲ್ಲಕ್ಕಿಂತಲೂ ಹೆಚ್ಚು ಬೆಲೆಯುಳ್ಳದ್ದು, ಏನನ್ನೂ ಹೂಳದೆ ಬರಿಯ ನೋಡುವುದಕ್ಕಾಗಿ ತೋಡುವ ಈ ಗುಂಡಿ. ಅದನ್ನು ಪರೀಕ್ಷಾಗುಂಡಿ ಎನ್ನುತ್ತಾರೆ. ೨೦೧೫ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಅಮೃತ್ ಯೋಜನೆಯ ಪಟ್ಟಿಯಲ್ಲಿ ಮಂಡ್ಯವು ಸೇರಿದ್ದಿತು. ೨೦೨೧ರ ಅಕ್ಟೋಬರಿನಲ್ಲಿ ಆರಂಭವಾದ ಅದರ ಎರಡನೆಯ ಭಾಗವು ಮದ್ದೂರು, ಮಳವಳ್ಳಿಗಳಂಥ ಚಿಕ್ಕ ಪಟ್ಟಣಗಳನ್ನೂ ಒಳಗೊಳ್ಳುವಷ್ಟು ವಿಸ್ತಾರವಾದುದು. ಆದುದರಿಂದ ಹಳೆಯ ಕೊಳವೆಗಳ ಮಾತು ಈ ಮೂರು ಊರುಗಳಲ್ಲಿಯೂ ಇಂದಲ್ಲ ನಾಳೆ ಪ್ರತಿಯೊಂದು ಮನೆಯ ಬಾಗಿಲಿಗೂ ಬರತಕ್ಕದ್ದೇ ಆಗಿದೆ.

ನೆಲದ ಕೆಳಗೆ ಏನಿದೆಯೆಂಬುದು ಪೌರಾಡಳಿತದವರಿಗೆ ಗೊತ್ತಿರಬೇಕಲ್ಲವೆ, ನಕ್ಷೆಯನ್ನು ನೋಡಿಕೊಂಡರಾಯಿತು, ನನ್ನ ಬಾಗಿಲಲ್ಲೇಕೆ ಅಗೆಯಬೇಕು ಎಂದು ಕೇಳುವವರುಂಟು. ಗೊತ್ತಿರಬೇಕು, ನಿಜ. ಆದರೆ ನಮ್ಮ ಊರುಗಳು ಬೆಳೆದ ಬಗೆಯನ್ನು ನೋಡಿರಿ. ಕೃಷ್ಣರಾಜಸಾಗರದ ನಾಲೆ ಹರಿದು ಬರುವ ಮೊದಲು ಮಂಡ್ಯವು ಒಂದು ಸಣ್ಣ ಊರು. ನಾಲೆ ಬಂದಿತು, ಹೊಲಗಳು ಗದ್ದೆಗಳಾದುವು, ಕಬ್ಬು ಬಂದಿತು. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ೧೯೩೯ರ ಜುಲೈ ೧ರಂದು ಮಂಡ್ಯವು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಹೊಸ ಜಿಲ್ಲೆಯ ಮುಖ್ಯಪಟ್ಟಣವಾಯಿತು. ೨೦೧೧ರ ಜನಗಣತಿಯ ವೇಳೆಗೆ ಊರಿನ ಜನಸಂಖ್ಯೆಯು ಒಂದೂಕಾಲು ಲಕ್ಷವನ್ನು ಮೀರಿದ್ದಿತು. ಹೀಗೆ ಒಂದೊಂದು ಪೀಳಿಗೆಗೆ ಒಂದೊಂದು ಬಡಾವಣೆಯಂತೆ ಬೆಳೆದ ಊರಿನ ಕೊಳವೆಗಳೂ ಒಂದೊಂದು ಕಾಲದವು. ಇಂಥ ಊರುಗಳಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಹಳೆಯವು ಬೀಡುಕಬ್ಬಿಣದವು. ಅವುಗಳ ಗಂಟುಗಳಿಗೆ ಸೀಸವನ್ನು ಕರಗಿಸಿ ಹೊಯ್ಯುತ್ತಿದ್ದರು. ಆಮೇಲೆ ಕಲ್ನಾರು ಸಿಮೆಂಟಿನವು ಬಂದುವು, ಅನಂತರ ಪಿ.ವಿ.ಸಿ. ಒಂದೇ ಬೀದಿಯಲ್ಲಿ ಮೂರೂ ಇರುವುದುಂಟು. ಒಡೆದಾಗ ಕೈಗೆ ಸಿಕ್ಕಿದ್ದನ್ನು ಜೋಡಿಸಿ ನೀರು ಬಿಟ್ಟವರು ಅದನ್ನೆಲ್ಲ ನಕ್ಷೆಯಲ್ಲಿ ಬರೆದಿಡಲಿಲ್ಲ. ೧೯೭೫ರಲ್ಲಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಏರ್ಪಟ್ಟ ಮೇಲೆ ದೊಡ್ಡ ಯೋಜನೆಗಳ ನಕ್ಷೆಗಳು ಒಂದು ಕ್ರಮಕ್ಕೆ ಬಂದುವೇನೋ ಸರಿ. ಬೀದಿಯ ನಾಲ್ಕಂಗುಲದ ಕೊಳವೆಯ ಚರಿತ್ರೆಯಾದರೋ ಬಹುಮಟ್ಟಿಗೆ ಅದನ್ನು ರಿಪೇರಿ ಮಾಡಿದವರ ತಲೆಯಲ್ಲಿಯೇ ಉಳಿದಿರುತ್ತದೆ.

ಈ ಮಾತಿಗೆ ಒಂದು ನಿದರ್ಶನವನ್ನು ಹೇಳುತ್ತೇನೆ. ನನಗೆ ಪರಿಚಿತವಾದ ಒಂದು ಬೀದಿಯಲ್ಲಿ ಕೆಲಸದವರು ನಕ್ಷೆಯನ್ನು ಹರಡಿಕೊಂಡು ರಸ್ತೆಯ ಎಡಗಡೆ ಗುದ್ದಲಿ ಹಾಕಿದರು. ಮೂರಡಿ ಹೋದರೂ ಏನೂ ಸಿಗಲಿಲ್ಲ. ಎದುರು ಮನೆಯ ಜಗುಲಿಯ ಮೇಲೆ, ಬಹುಕಾಲ ಆ ಭಾಗಕ್ಕೆ ನೀರು ಬಿಡುತ್ತಿದ್ದು ನಿವೃತ್ತನಾದ ಮುದುಕನೊಬ್ಬನು ಕುಳಿತಿದ್ದನು. ಅವನು ಸ್ವಲ್ಪ ಹೊತ್ತು ನೋಡಿ, “ಅಲ್ಯಾಕಪ್ಪಾ ಅಗೀತೀರಿ? ಪೈಪು ಅಲ್ಲಿಲ್ಲ ಕಣಪ್ಪ. ಅಲ್ಲೊಂದು ಹುಣಸೇಮರ ಇತ್ತು. ಅದನ್ನ ಬಳಸಿಕೊಂಡು ಈ ಕಡೆಗೆ ಬಂದಿದೆ” ಎಂದನು. ಇಂಜಿನಿಯರು, “ಮರ ಎಲ್ಲಿದೆ ತಾತ?” ಎಂದು ಕೇಳಿದರು. “ಮರ ಹೋಗಿ ಮೂವತ್ತು ವರ್ಷ ಆಯ್ತು. ಡೊಂಕು ಹಂಗೇ ಅದೆ” ಎಂದು ಉತ್ತರ ಬಂದಿತು. ಬಲಗಡೆ ತೋಡಿದಾಗ ಎರಡೂವರೆ ಅಡಿಯಲ್ಲಿ ಕೊಳವೆ ಸಿಕ್ಕಿತು. ಆ ಮುದುಕನು ಅಂದು ಜಗುಲಿಯ ಮೇಲಿಲ್ಲದಿದ್ದರೆ ಹೊಸ ಕೊಳವೆಯ ಲೆಕ್ಕವೆಲ್ಲವೂ ಹಳೆಯ ನಕ್ಷೆಯ ಸುಳ್ಳಿನ ಮೇಲೆ ನಿಲ್ಲುತ್ತಿದ್ದಿತು. ಇಂಥವರು ಇನ್ನೆಷ್ಟು ದಿನ ನಮ್ಮೊಡನಿರುವರು? ಅವರನ್ನು ಕರೆದು ಕೂರಿಸಿ, ಬೀದಿಬೀದಿಗೂ ಜೊತೆಯಲ್ಲಿ ನಡೆಯಿಸಿ, ಹೇಳಿದ್ದನ್ನು ಬರೆದುಕೊಂಡು, ಆಮೇಲೆ ಗುಂಡಿ ತೋಡಿ ಸರಿಯೋ ತಪ್ಪೋ ಎಂದು ನೋಡುವುದು ಪರಿಶೋಧನೆಯ ಮೊದಲ ಹೆಜ್ಜೆ. ಇದಕ್ಕೆ ಬೇಕಾದ ಯಂತ್ರವು ಒಂದು ಲೋಟ ಕಾಫಿ.

ಗುಂಡಿಯೊಳಗೆ ಇಳಿದವರು ನೋಡುವುದೇನು? ಕೊಳವೆ ಎಷ್ಟು ಆಳದಲ್ಲಿದೆ, ಎಷ್ಟು ದಪ್ಪ, ಯಾವ ಲೋಹ ಎಂಬುದನ್ನು. ಅದರ ಪಕ್ಕದಲ್ಲಿ ಒಳಚರಂಡಿಯಿದೆಯೆ, ವಿದ್ಯುತ್ತಿನ ಅಥವಾ ಟೆಲಿಫೋನಿನ ಕೇಬಲಿದೆಯೆ ಎಂಬುದನ್ನು. ಇಷ್ಟು ಯಾರಿಗಾದರೂ ತೋಚುವ ವಿಷಯ. ಇದಕ್ಕಿಂತ ಸೂಕ್ಷ್ಮವಾದುದು ಕೊಳವೆಯ ಆರೋಗ್ಯ. ಬೀಡುಕಬ್ಬಿಣಕ್ಕೆ ಒಂದು ವಿಚಿತ್ರವಾದ ರೋಗವುಂಟು. ಅದರೊಳಗೆ ಕಬ್ಬಿಣದೊಡನೆ ಪೆನ್ಸಿಲಿನ ಕಪ್ಪು, ಎಂದರೆ ಗ್ರಾಫೈಟು, ಬೆರೆತಿರುತ್ತದೆ. ಕೆಟ್ಟ ಮಣ್ಣಿನಲ್ಲಿ ಬಹುಕಾಲ ಬಿದ್ದಿದ್ದರೆ ಕಬ್ಬಿಣದ ಅಂಶವು ಮೆಲ್ಲಮೆಲ್ಲನೆ ಕರಗಿಹೋಗಿ ಆ ಕಪ್ಪು ಮಾತ್ರ ಉಳಿಯುತ್ತದೆ. ಆಶ್ಚರ್ಯವೇನೆಂದರೆ, ಕೊಳವೆಯ ಆಕಾರವು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಮೇಲೆ ನೋಡಿದರೆ ಗಟ್ಟಿಮುಟ್ಟಾದ ಕೊಳವೆ; ಚಾಕುವಿನಿಂದ ಕೆರೆದರೆ ಬಳಪದಂತೆ ಎದ್ದುಬರುತ್ತದೆ. ಗೆದ್ದಲು ತಿಂದ ಬಾಗಿಲುವಾಡವು ಬಣ್ಣದ ಬಲದಿಂದ ನಿಂತಿರುವುದನ್ನು ಹಳೆಯ ಮನೆಗಳಲ್ಲಿ ನಾವು ನೋಡಿಲ್ಲವೆ? ಹಾಗೆಯೇ ಇದು. ಮೇಲೆ ಒಂದು ಭಾರವಾದ ಲಾರಿ ಹೋದರೆ, ಅಥವಾ ಪಂಪಿನಿಂದ ನೀರು ಒಮ್ಮೆಲೆ ನುಗ್ಗಿದರೆ, ಮಾರುದ್ದ ಬಿರಿಯುತ್ತದೆ. ಇದನ್ನು ಕಚೇರಿಯಲ್ಲಿ ಕುಳಿತು ಕಂಡುಹಿಡಿಯುವ ಉಪಾಯವಿಲ್ಲ. ಗುಂಡಿಯಲ್ಲಿಳಿದು ಕೆರೆದು ನೋಡಬೇಕು. ಸಾಧ್ಯವಾದರೆ ಒಂದು ತುಂಡನ್ನು ಕತ್ತರಿಸಿ ಒಳಗಿನ ಬಾಯನ್ನು ಪರೀಕ್ಷಿಸಬೇಕು.

ಆ ಬಾಯಿಯೂ ಕಥೆ ಹೇಳುತ್ತದೆ. ನೀರು ಕಾಯಿಸುವ ಹಂಡೆಯೊಳಗೆ ವರ್ಷಗಳು ಕಳೆದಂತೆ ಗಸಿ ಕಟ್ಟುವ ಹಾಗೆ ಕಬ್ಬಿಣದ ಕೊಳವೆಯೊಳಗೆ ತುಕ್ಕಿನ ಗಂಟುಗಳು ಬೆಳೆಯುತ್ತವೆ. ಆರಂಗುಲದ ಬಾಯಿ ಐದಂಗುಲಕ್ಕೆ ಇಳಿಯಿತೆಂದು ಇಟ್ಟುಕೊಳ್ಳಿ. ಆರರಲ್ಲಿ ಒಂದು ಪಾಲು ಹೋಯಿತು, ಅಷ್ಟೇ ಎಂದು ತೋರಬಹುದು. ಲೆಕ್ಕ ಹಾಕಿದರೆ, ಅಷ್ಟೇ ಒತ್ತಡದಲ್ಲಿ ಹಾಯುವ ನೀರು ಮೊದಲಿನ ಐದರಲ್ಲಿ ಮೂರು ಪಾಲಿಗೆ ಇಳಿದುಹೋಗಿರುತ್ತದೆ. ಒಳಮೈ ಒರಟಾದುದರ ನಷ್ಟ ಬೇರೆ. ಬೀದಿಯ ಕೊನೆಯ ಮನೆಯವರು ತಮ್ಮ ನಲ್ಲಿಯಲ್ಲಿ ನೂಲಿನಂತೆ ಬರುವ ನೀರನ್ನು ನೋಡಿ ಮೊದಲ ಮನೆಯವರನ್ನು ಶಪಿಸುವುದುಂಟು. ತಪ್ಪು ಎಷ್ಟೋ ವೇಳೆ ನಡುವಣ ಈ ಗಂಟುಗಳದು.

ಹಾಗೆಂದು ಹಳೆಯದೆಲ್ಲವೂ ಕೆಟ್ಟದ್ದೆಂದು ತಿಳಿಯಬಾರದು. ಫ್ರಾನ್ಸ್ ದೇಶದ ವರ್ಸೇಲ್ಸ್ ಅರಮನೆಯ ಉದ್ಯಾನಗಳಿಗಾಗಿ ಹದಿನೇಳನೆಯ ಶತಮಾನದಲ್ಲಿ ಹೂಳಿದ ಬೀಡುಕಬ್ಬಿಣದ ಕೊಳವೆಗಳು ಮುನ್ನೂರು ವರ್ಷಗಳಿಗೂ ಮಿಕ್ಕು ಕೆಲಸ ಮಾಡಿದುವು. ಒಳ್ಳೆಯ ಮಣ್ಣಿನಲ್ಲಿ, ನೀರು ನಿಲ್ಲದ ಕಡೆ ಮಲಗಿರುವ ಕೊಳವೆಯು ಅಜ್ಜನ ಕಾಲದ್ದಾದರೂ ಮೊಮ್ಮಗನಿಗೂ ಸಾಲಬಹುದು. ನೆನ್ನೆ ಹಾಕಿದ ಕೊಳವೆಯು ಕೆಟ್ಟ ಹಾಸಿಗೆಯ ಮೇಲೆ ಮಲಗಿದ್ದರೆ ಐದು ವರ್ಷ ಬಾಳದಿರಬಹುದು. ವಯಸ್ಸನ್ನು ಮಾತ್ರ ನೋಡಿ ಎಲ್ಲವನ್ನೂ ಕಿತ್ತುಹಾಕುವುದು ಹಣದ ಹಾನಿ; ನೋಡದೆ ಎಲ್ಲವನ್ನೂ ಉಳಿಸಿಕೊಳ್ಳುವುದು ಪ್ರಾಣದ ಹಾನಿ. ಯಾವುದನ್ನು ಕೀಳಬೇಕು, ಯಾವುದನ್ನು ಒಳಗೆ ಉಜ್ಜಿ ಸಿಮೆಂಟು ಬಳಿದು ಉಳಿಸಬಹುದು ಎಂಬ ನಿರ್ಣಯವು ಗುಂಡಿಗಳಿಂದ ಬರತಕ್ಕದ್ದು.

ಇನ್ನು ಚೀಲದಲ್ಲಿ ತುಂಬಿಕೊಂಡು ಹೋದ ಮಣ್ಣಿನ ಮಾತು. ನಮ್ಮ ಸೀಮೆಯ ಮೇಲ್ಮಣ್ಣು ಬಹಳ ಕಡೆ ಕೆಂಪು. ಅದರ ಕೆಳಗೆ ಗರಸು, ಅದರ ಕೆಳಗೆ ಬಂಡೆ. ತಗ್ಗಿನಲ್ಲಿ, ನಾಲೆಯ ನೀರುಂಡ ಗದ್ದೆಗಳ ಬಯಲಿನಲ್ಲಿ, ಜೇಡಿ. ಕಬ್ಬಿಣದ ಕೊಳವೆಗೆ ಈ ಒದ್ದೆಜೇಡಿಯೇ ಶತ್ರು. ಇದನ್ನು ಅಳೆಯುವ ಒಂದು ಸುಲಭವಾದ ವಿಧಾನವಿದೆ. ನಾಲ್ಕು ಕಬ್ಬಿಣದ ಕಡ್ಡಿಗಳನ್ನು ಒಂದೇ ಸಾಲಿನಲ್ಲಿ ಸಮದೂರದಲ್ಲಿ ನೆಲಕ್ಕೆ ನೆಟ್ಟು, ಹೊರಗಿನ ಎರಡರ ಮೂಲಕ ವಿದ್ಯುತ್ತನ್ನು ಹರಿಸಿ, ಒಳಗಿನ ಎರಡರ ನಡುವೆ ಅಳತೆ ನೋಡುತ್ತಾರೆ. ವಿದ್ಯುತ್ತು ಸರಾಗವಾಗಿ ಹರಿದರೆ ಮಣ್ಣಿನಲ್ಲಿ ತೇವವೂ ಲವಣವೂ ಹೆಚ್ಚೆಂದು ಅರ್ಥ. ಅಲ್ಲಿ ಕಬ್ಬಿಣವನ್ನು ಬರಿಮೈಯಲ್ಲಿ ಹೂಳಬಾರದು. ಪ್ಲಾಸ್ಟಿಕ್ಕಿನ ತೋಳನ್ನು ತೊಡಿಸಿ ಹೂಳಬೇಕು, ಇಲ್ಲವೆ ಬೇರೆ ಜಾತಿಯ ಕೊಳವೆಯನ್ನು ಆರಿಸಬೇಕು. ಮಕ್ಕಳು ಈ ಕಡ್ಡಿಗಳನ್ನು ಆಟಕ್ಕೆ ಕೀಳದಂತೆ ಹಿರಿಯರು ನೋಡಿಕೊಂಡರೆ ಅದೂ ಒಂದು ಸಹಾಯವೇ.

ಮಂಡ್ಯದವರು ಕೇಳಿಕೊಳ್ಳಬೇಕಾದ ಮುಖ್ಯವಾದ ಪ್ರಶ್ನೆಯೊಂದು ಇಲ್ಲಿದೆ: ಗುಂಡಿಯನ್ನು ಯಾವ ತಿಂಗಳಿನಲ್ಲಿ ತೋಡಿದರು? ನಾಲೆಯಲ್ಲಿ ನೀರು ಹರಿಯುವ ಕಾಲದಲ್ಲಿ ಸುತ್ತಣ ಗದ್ದೆಗಳು ತುಂಬಿ, ನೆಲದೊಳಗಣ ನೀರು ಮೇಲಕ್ಕೆ ಏರುತ್ತದೆ. ಬಾವಿಯುಳ್ಳ ಮನೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ನಾಲೆಯನ್ನು ನಿಲ್ಲಿಸಿದ ಬೇಸಗೆಯಲ್ಲಿ ಅದೇ ನೆಲ ಒಣಗಿ ಬಿರುಕು ಬಿಡುತ್ತದೆ. ಬೇಸಗೆಯಲ್ಲಿ ಮಾತ್ರ ತೋಡಿದ ಗುಂಡಿಯು “ಇಲ್ಲಿ ನೀರಿಲ್ಲ” ಎಂದು ಸುಳ್ಳು ಹೇಳುತ್ತದೆ. ಅದನ್ನು ನಂಬಿ ಮಾಡಿದ ಯೋಜನೆಯು ಮಳೆಗಾಲದಲ್ಲಿ ಕಾಲುವೆಯನ್ನು ಅಗೆಯುವಾಗ ಪಕ್ಕಗಳು ಕುಸಿದು, ಆಳುಗಳಿಗೂ ಅಕ್ಕಪಕ್ಕದ ಗೋಡೆಗಳಿಗೂ ಅಪಾಯವನ್ನು ತರುತ್ತದೆ. ಎರಡು ಕಾಲಗಳಲ್ಲಿಯೂ ನೋಡಬೇಕು. ಎರಡು ಸಲ ತೋಡುವುದು ಆಗದಿದ್ದರೆ ಹತ್ತಿರದ ಬಾವಿಗಳ ನೀರಿನ ಮಟ್ಟವನ್ನಾದರೂ ಮನೆಯವರನ್ನು ಕೇಳಿ ಬರೆದುಕೊಳ್ಳಬೇಕು. ಮದ್ದೂರಿನಲ್ಲಿ ಶಿಂಷಾ ನದಿಯ ದಡಕ್ಕೆ ಹತ್ತಿರವಾದ ನೆಲದ ಗುಣ ಬೇರೆ, ಏರಿನ ನೆಲದ ಗುಣ ಬೇರೆ. ಮಳವಳ್ಳಿಯ ಕಡೆ ಬಂಡೆ ಎಷ್ಟು ಆಳದಲ್ಲಿ ಅಡ್ಡ ಬರುವುದೆಂಬುದೇ ಮೊದಲ ಪ್ರಶ್ನೆ; ಅದನ್ನು ಮುಂಚೆಯೇ ಕೊರೆದು ನೋಡದೆ ಕಂಟ್ರಾಕ್ಟು ಕೊಟ್ಟರೆ, ಅರ್ಧ ಬೀದಿ ಅಗೆದ ಮೇಲೆ “ಬಂಡೆ ಬಂದಿದೆ, ಹೆಚ್ಚಿನ ಹಣ ಬೇಕು” ಎಂಬ ಅರ್ಜಿ ಬರುತ್ತದೆ, ಕೆಲಸವು ನಿಲ್ಲುತ್ತದೆ, ಅಗೆದ ಬೀದಿಯಲ್ಲಿ ನಾವು ಹಲಗೆ ಹಾಕಿಕೊಂಡು ಓಡಾಡುತ್ತೇವೆ. ಬೆಂಗಳೂರು-ಮೈಸೂರು ರೈಲುದಾರಿಯು ಮದ್ದೂರನ್ನೂ ಮಂಡ್ಯವನ್ನೂ ಹಾದುಹೋಗುತ್ತದೆ. ಕಂಬಿಯ ಕೆಳಗೆ ಕೊಳವೆಯನ್ನು ತಳ್ಳಬೇಕಾದ ಕಡೆಯಂತೂ ನೆಲವನ್ನು ಕೊರೆದು ನೋಡದೆ ಯಾರೂ ಕೈಹಾಕುವಂತಿಲ್ಲ.

ನೋಡದೆ ಅಗೆದರೆ ಏನಾಗುವುದೆಂಬುದನ್ನು ನನ್ನ ಮನೆಯೇ ಅನುಭವಿಸಿದೆ. ಎಷ್ಟೋ ವರ್ಷಗಳ ಕೆಳಗೆ ನಾನು ಬೇರೊಂದು ಊರಿನಲ್ಲಿ ಬಾಡಿಗೆಯ ಮನೆಯಲ್ಲಿದ್ದೆನು. ತಂಗಿಯ ಮಗಳು ನಮ್ಮಲ್ಲಿಯೇ ಇದ್ದು ಓದುತ್ತಿದ್ದಳು. ಹೊಸ ಕೊಳವೆ ಹಾಕುವೆವೆಂದು ಒಂದು ದಿನ ಯಂತ್ರವನ್ನು ತಂದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬಗೆದರು. ಮೊದಲು ಒಂದು ಗುಂಡಿಯನ್ನೂ ತೋಡಿ ನೋಡಿರಲಿಲ್ಲ. ಯಂತ್ರದ ಹಲ್ಲು ಹಳೆಯ ಕೊಳವೆಯನ್ನೂ ಅದರ ಪಕ್ಕದ ಒಳಚರಂಡಿಯನ್ನೂ ಒಟ್ಟಿಗೇ ಸೀಳಿತು. ಸಂಜೆಗೆ ರಬ್ಬರಿನ ಪಟ್ಟಿ ಸುತ್ತಿ ಮಣ್ಣು ಮುಚ್ಚಿದರು. ಮೂರು ದಿನ ನೀರು ಹಳದಿಯಾಗಿ ಬಂದಿತು, ನಾಲ್ಕನೆಯ ದಿನ ತಿಳಿಯಾಯಿತು. ತಿಳಿಯಾದ ನೀರನ್ನು ನಾವು ನಂಬಿದೆವು. ತಿಂಗಳು ಕಳೆಯುವುದರೊಳಗೆ ಹುಡುಗಿಗೆ ಕಾಮಾಲೆ ಕಾಣಿಸಿಕೊಂಡಿತು. ಅದೇ ಬೀದಿಯ ಇನ್ನೂ ಆರು ಮನೆಗಳಲ್ಲಿ ಅದೇ ರೋಗ. ಅನ್ನದ ವಾಸನೆಯೇ ಅವಳಿಗೆ ಆಗದಾಯಿತು. ಆ ವರ್ಷ ಪರೀಕ್ಷೆಗೆ ಕೂರಲಾಗಲಿಲ್ಲ. ಗುಣವಾದಳು, ದೇವರ ದಯೆ. ಆಮೇಲೆ ಮತ್ತೆ ಅಗೆದು ನೋಡಿದಾಗ ತಿಳಿದದ್ದೇನೆಂದರೆ, ನಕ್ಷೆಯಲ್ಲಿ ಆರಡಿ ದೂರವಿದ್ದ ಚರಂಡಿಯೂ ನೀರಿನ ಕೊಳವೆಯೂ ನೆಲದಲ್ಲಿ ಮೈಗೆ ಮೈ ತಾಗಿಸಿಕೊಂಡಿದ್ದುವು. ಅರ್ಧ ದಿನದ ಗುಂಡಿಯೊಂದು ಅದನ್ನು ತೋರಿಸುತ್ತಿದ್ದಿತು.

ಸೀಳಿದ ಕೊಳವೆಯಿಂದ ನೀರು ಹೊರಕ್ಕೆ ಹೋಗಬೇಕಲ್ಲದೆ ಚರಂಡಿ ಒಳಕ್ಕೆ ಬರುವುದು ಹೇಗೆಂದು ವಾಚಕರು ಕೇಳಬಹುದು. ಕೊಳವೆಯಲ್ಲಿ ನೀರು ಒತ್ತಡದಿಂದ ತುಂಬಿರುವಷ್ಟು ಹೊತ್ತು ಹೊರಕ್ಕೇ ಹೋಗುತ್ತದೆ. ಎರಡು ದಿನಕ್ಕೊಮ್ಮೆ ಎರಡು ಗಂಟೆ ನೀರು ಬಿಡುವ ಊರಿನಲ್ಲಿ ಉಳಿದ ಹೊತ್ತೆಲ್ಲ ಕೊಳವೆ ಖಾಲಿ. ಆಗ ಸುತ್ತಣ ಒದ್ದೆನೆಲದ ನೀರು, ಅದು ಎಂಥದೇ ಆಗಲಿ, ಅದೇ ರಂಧ್ರದಿಂದ ಒಳಕ್ಕೆ ಇಳಿಯುತ್ತದೆ. ಮರುದಿನ ನೀರು ಬಿಟ್ಟಾಗ ಮೊದಲ ಕೊಡಕ್ಕೆ ಬೀಳುವುದು ಅದೇ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳ ಕೆಲವು ಭಾಗಗಳಲ್ಲಿ ವಿಶ್ವಬ್ಯಾಂಕಿನ ಸಾಲದ ಸಹಾಯದಿಂದ ಹಳೆಯ ಕೊಳವೆಗಳನ್ನು ಬದಲಿಸಿ ದಿನದ ಇಪ್ಪತ್ತನಾಲ್ಕು ಗಂಟೆಯೂ ನೀರು ನಿಲ್ಲದಂತೆ ಏರ್ಪಾಡು ಮಾಡಿದರು. ಹುಬ್ಬಳ್ಳಿ-ಧಾರವಾಡದ ನಲ್ಲಿಗಳ ನೀರನ್ನು ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆಯ ಪ್ರಕಾರ, ಬಿಟ್ಟುಬಿಟ್ಟು ನೀರು ಬರುವ ಭಾಗದಲ್ಲಿ ನೂರು ಮಾದರಿಗಳಲ್ಲಿ ಮೂವತ್ತಕ್ಕೂ ಹೆಚ್ಚಿನವುಗಳಲ್ಲಿ ಮಲಸಂಬಂಧವಾದ ಕ್ರಿಮಿಗಳು ಸಿಕ್ಕಿದುವು. ಸದಾ ನೀರಿರುವ ಭಾಗದಲ್ಲಿ ನೂರಕ್ಕೆ ಒಂದೂ ಇಲ್ಲ. ನದಿಯೊಂದೇ, ಊರೊಂದೇ, ವ್ಯತ್ಯಾಸವೆಲ್ಲ ನೆಲದ ಕೆಳಗಿನದು.

ಇಲ್ಲಿ ಗೃಹಸ್ಥರ ತಪ್ಪನ್ನೂ ಹೇಳದಿದ್ದರೆ ಪಕ್ಷಪಾತವಾದೀತು. ಬೀದಿಯ ಕೊಳವೆಗೆ ನೇರವಾಗಿ ಮೋಟಾರು ಜೋಡಿಸಿ ನೀರನ್ನು ಸೆಳೆದುಕೊಳ್ಳುವ ಪದ್ಧತಿ ಎಲ್ಲೆಲ್ಲಿಯೂ ಇದೆ. ಮಾಡುವವರು ದೊಡ್ಡ ಮನುಷ್ಯರೇ. ಆ ಮೋಟಾರು ನೆರೆಯವರ ಪಾಲಿನ ನೀರನ್ನು ಸೆಳೆಯುವುದಲ್ಲದೆ ಬಿರುಕುಗಳ ಮೂಲಕ ಚರಂಡಿಯನ್ನೂ ಸೆಳೆಯುತ್ತದೆ. ಮೇಲಾಗಿ, ಕೊಳವೆಯ ಒತ್ತಡವನ್ನು ಹಗಲಿರುಳೂ ಬರೆದುಕೊಳ್ಳುವ ಸಣ್ಣ ಯಂತ್ರವನ್ನು ಪರಿಶೋಧಕರು ಬೀದಿಯಲ್ಲಿ ಇಟ್ಟಿರುವಾಗ ಹತ್ತು ಮನೆಗಳಲ್ಲಿ ಮೋಟಾರು ಓಡಿದರೆ, ಬರೆಯಲ್ಪಡುವುದು ಕೊಳವೆಯ ನಾಡಿಯಲ್ಲ, ನಮ್ಮ ಮೋಟಾರುಗಳ ನಾಡಿ. ವೈದ್ಯರು ಕೈ ಹಿಡಿದಾಗ ಓಡಿ ಬಂದು ಕೂತವನಂತೆ ಆಗುತ್ತದೆ.

ನೀರು ಬಿಟ್ಟಿರುವ ರಾತ್ರಿಯ ಹೊತ್ತು ಕೋಲು ಹಿಡಿದು ತಿರುಗುವವರನ್ನು ಕಂಡು ಕಳ್ಳರೆಂದು ಕೂಗಬೇಡಿರಿ. ಊರು ಮಲಗಿದಾಗ ಯಾರೂ ನೀರು ಬಳಸುವುದಿಲ್ಲ. ಆಗಲೂ ಕೊಳವೆಯಲ್ಲಿ ನೀರು ಓಡುತ್ತಿದ್ದರೆ ಅದರಲ್ಲಿ ಬಹುಪಾಲು ಸೋರಿಕೆ. ವಾಲ್ವಿನ ಮೇಲೆ ಲೋಹದ ಕೋಲನ್ನಿಟ್ಟು ಅದರ ತುದಿಗೆ ಕಿವಿಯಾನಿಸಿದರೆ ಸೋರುವ ನೀರಿನ ಸಿಳ್ಳು ಕೇಳುತ್ತದೆ. ಮೂರು ಮಿಲಿಮೀಟರಿನ ಒಂದು ರಂಧ್ರ, ಎಂದರೆ ಕಡಲೆಯ ಕಾಳು ತೂರದಷ್ಟು ಸಣ್ಣದು, ಹತ್ತು ಮೀಟರಿನ ಸಾಧಾರಣ ಒತ್ತಡದಲ್ಲಿ ಹಗಲಿರುಳು ಸೋರಿದರೆ ಸುಮಾರು ೫,೦೦೦ ಲೀಟರ್ ಹೋಗುತ್ತದೆ. ಒಳಚರಂಡಿಯುಳ್ಳ ಪಟ್ಟಣಗಳಿಗೆ ತಲೆಯೊಂದಕ್ಕೆ ದಿನಕ್ಕೆ ೧೩೫ ಲೀಟರ್ ಎಂಬುದು ಕೇಂದ್ರ ಸರ್ಕಾರದ ಕೈಪಿಡಿಯ ಪ್ರಮಾಣ. ಆ ಲೆಕ್ಕದಲ್ಲಿ ಮೂವತ್ತೇಳು ಮಂದಿಯ ನೀರು ಅದು. ಇಂಥ ಸೋರಿಕೆಗಳು ದೊಡ್ಡ ಕೊಳವೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಬೀದಿಯ ಕೊಳವೆಯಿಂದ ನಮ್ಮ ಮನೆಗೆ ತಿರುಗುವ ಸಣ್ಣ ಕೊಳವೆಯ ಗಂಟಿನಲ್ಲಿಯೇ ಇರುತ್ತವೆ. ಎಷ್ಟೋ ಮನೆಗಳಲ್ಲಿ ಆ ಸಣ್ಣ ಕೊಳವೆಯು ತೆರೆದ ಚರಂಡಿಯೊಳಗೇ ಹಾಯ್ದು ಬರುವುದನ್ನು ಬಾಗಿಲಲ್ಲಿ ನಿಂತು ಬಗ್ಗಿ ನೋಡಿದರೆ ನೀವೇ ಕಾಣುವಿರಿ.

ನೆಲವನ್ನು ಅಗೆಯದೆಯೇ ಒಳಗಿನದನ್ನು ತೋರಿಸುವ ರೇಡಾರ್ ಯಂತ್ರಗಳು ಬಂದಿವೆಯಲ್ಲ ಎಂದು ಓದಿದವರು ಹೇಳಬಹುದು. ಬಂದಿವೆ, ಒಣಗಿದ ಮರಳು ನೆಲದಲ್ಲಿ ಚೆನ್ನಾಗಿಯೂ ತೋರಿಸುತ್ತವೆ. ಒದ್ದೆಜೇಡಿಯಲ್ಲಿ ಅವುಗಳ ದೃಷ್ಟಿ ಮಂಕಾಗುತ್ತದೆ. ಲೋಹವನ್ನು ಹುಡುಕುವ ಯಂತ್ರಕ್ಕೆ ಪಿ.ವಿ.ಸಿ.ಯೂ ಕಲ್ನಾರೂ ಕಾಣುವುದಿಲ್ಲ. ಯಂತ್ರವು ಎಲ್ಲಿ ತೋಡಬೇಕೆಂದು ಹೇಳಬಲ್ಲದು, ತೋಡುವುದನ್ನು ತಪ್ಪಿಸಲಾರದು. ಕಲ್ನಾರಿನ ಕೊಳವೆ ಸಿಕ್ಕಿದ ಕಡೆ ಅದನ್ನು ಒಣಗಿದಂತೆಯೇ ಗರಗಸದಿಂದ ಕೊಯ್ಯುತ್ತಿದ್ದರೆ ಮಕ್ಕಳನ್ನು ಒಳಗೆ ಕರೆದುಕೊಳ್ಳಿರಿ. ಅದರ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ನೀರು ಹಾಕಿ ನೆನೆಸಿ ಕೊಯ್ಯತಕ್ಕದ್ದು. ಇನ್ನೊಂದು ಅನುಕೂಲವೂ ಈಚೆಗೆ ಆಗಿದೆ. ಅಗೆಯುವ ಮೊದಲು ಆ ಸ್ಥಳದಲ್ಲಿ ಯಾರು ಯಾರ ಕೇ‌ಬಲುಗಳೂ ಕೊಳವೆಗಳೂ ಇವೆಯೋ ಅವರಿಗೆಲ್ಲ ಮೊಬೈಲಿನ ಮೂಲಕ ತಿಳಿಸುವ ಒಂದು ಏರ್ಪಾಡನ್ನು ಕೇಂದ್ರ ಸರ್ಕಾರವು ೨೦೨೩ರ ಮಾರ್ಚಿನಲ್ಲಿ ಆರಂಭಿಸಿತು.

ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಏರಿ ಹೋಗುತ್ತದೆ. ೧೯೭೪ರಲ್ಲಿ ಮೊದಲ ಹಂತ. ೨೦೨೪ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತವೊಂದೇ ದಿನಕ್ಕೆ ೭೭ ಕೋಟಿ ೫೦ ಲಕ್ಷ ಲೀಟರಿಗಾಗಿ ಕಟ್ಟಿದ್ದು. ಆ ಕೊಳವೆಗಳೊಳಗೆ ಮನುಷ್ಯನು ನಿಲ್ಲಬಹುದು. ಅವುಗಳಲ್ಲಿ ಒಂದು ಬಿರುಕು ಬಿಟ್ಟರೆ ಮರುದಿನ ಪತ್ರಿಕೆಗಳಲ್ಲೆಲ್ಲ ಸುದ್ದಿ, ಇಂಜಿನಿಯರುಗಳಿಗೆ ನಿದ್ರೆಯಿಲ್ಲ. ನಮ್ಮ ಬೀದಿಯ ನಾಲ್ಕಂಗುಲದ ಕೊಳವೆ ಬಿರುಕು ಬಿಟ್ಟರೆ ಸುದ್ದಿಯಾಗುವುದಿಲ್ಲ. ಯಾರದೋ ಮನೆಯಲ್ಲಿ ಮಗುವಿಗೆ ಬೇಧಿಯಾಗುತ್ತದೆ, ಹೊರಗಿನ ತಿಂಡಿ ತಿಂದಿತೆಂದು ತಾಯಿ ಅದನ್ನು ಗದರಿಸುತ್ತಾಳೆ. ದೊಡ್ಡ ಕೊಳವೆಗೆ ಇರುವ ವೈದ್ಯೋಪಚಾರದ ಒಂದಂಶವಾದರೂ ಸಣ್ಣದಕ್ಕೆ ದೊರೆಯುವುದು ಈ ಪರೀಕ್ಷಾಗುಂಡಿಗಳ ಮೂಲಕವೇ.

ಆದುದರಿಂದ ಮಂಡ್ಯದ ಸೋದರಿಗೆ ನನ್ನ ಬಿನ್ನಹವಿಷ್ಟು. ಅವರು ಮತ್ತೊಮ್ಮೆ ಬಂದರೆ ತಡೆಯಬೇಡಿರಿ, ಮಾತನಾಡಿಸಿರಿ. ನಿಮ್ಮ ಸಂಪನ್ನು ತೋಡಿಸಿದಾಗ ಎಷ್ಟಡಿಯಲ್ಲಿ ಬಂಡೆ ಅಥವಾ ನೀರು ಸಿಕ್ಕಿತೆಂಬುದನ್ನು, ನಲ್ಲಿಯ ನೀರು ಯಾವ ತಿಂಗಳಲ್ಲಿ ಬಣ್ಣ ತಿರುಗುವುದೆಂಬುದನ್ನು, ಬೀದಿಯಲ್ಲಿ ಎಲ್ಲಿ ಪದೇಪದೇ ರಿಪೇರಿಯಾಗುವುದೆಂಬುದನ್ನು ಹೇಳಿರಿ. ಇವು ನಿಮಗಲ್ಲದೆ ಮತ್ತಾರಿಗೂ ಗೊತ್ತಿಲ್ಲ. ಪ್ರತಿಯಾಗಿ ಮೂರು ವಿಷಯಗಳನ್ನು ನೀವೂ ಕೇಳಿರಿ: ಗುಂಡಿಯಲ್ಲಿ ಕಂಡದ್ದೇನು, ಅದನ್ನು ಎಲ್ಲಿ ಬರೆದಿಟ್ಟಿದ್ದಾರೆ, ಹೊಸ ಕೊಳವೆ ಹಾಕಿದ ಮೇಲೆ ಅದು ನಿಜವಾಗಿ ಹೋದ ದಾರಿಯ ನಕ್ಷೆಯನ್ನು ಬೀದಿಯವರಿಗೂ ತೋರಿಸುವರೆ ಎಂದು. ನಿಮ್ಮ ಬೀದಿಗೆ ಕಾಂಕ್ರೀಟು ಹಾಕುವ ಪ್ರಸ್ತಾಪವೇನಾದರೂ ಇದ್ದರೆ ಕೊಳವೆಯ ಕೆಲಸವು ಮುಗಿಯುವವರೆಗೆ ಅದನ್ನು ನಿಲ್ಲಿಸಬೇಕೆಂದು ನಾಲ್ಕು ಮನೆಯವರು ಸೇರಿ ಒಂದು ಅರ್ಜಿಯನ್ನು ಕೊಡಿರಿ. ಹಾಕಿದ ಮರುವರ್ಷವೇ ಒಡೆಯುವ ರಸ್ತೆಗಳನ್ನು ನೋಡಿ ನೋಡಿ ನನಗಂತೂ ಸಾಕಾಗಿದೆ. ಮುಚ್ಚಿದ ಗುಂಡಿಯ ಮಣ್ಣು ಮೊದಲ ಮಳೆಗೆ ಕುಸಿಯುವುದು ಸಹಜ. ಆಗ ಅದನ್ನು ಮತ್ತೆ ತುಂಬಿ ತಟ್ಟಿ ಕೊಡುವುದು ತೋಡಿದವರ ಕರ್ತವ್ಯ. ಅದನ್ನು ಅವರಿಂದ ಬರೆಯಿಸಿಕೊಳ್ಳುವುದರಲ್ಲಿ ಸಂಕೋಚಪಡಬೇಡಿರಿ.

ಪಕ್ಕದ ಬೀದಿಯವರಿಗೂ ಈ ಪುಟವನ್ನು ಓದಲು ಕೊಟ್ಟರೆ ಉಪಕಾರವಾದೀತು. ಅವರ ಬೀದಿಯಲ್ಲಿ ಕೊಳವೆ ಎಲ್ಲಿದೆಯೆಂಬುದು ಇನ್ನೂ ಯಾರಿಗೂ ತಿಳಿದಿಲ್ಲ.

ಸಂಪು ಮತ್ತು ಮೇಲಿನ ತೊಟ್ಟಿಗಳನ್ನು ತೊಳೆಯುವ ಕ್ರಮವನ್ನು ಮದ್ದೂರಿನ ವಾಚಕರೊಬ್ಬರು ಕೇಳಿದ್ದಾರೆ. ಅದನ್ನು ಮುಂದಿನ ತಿಂಗಳು ಬರೆಯುತ್ತೇನೆ.